30 ದಿನದಲ್ಲಿ ಓದು ಕಲಿಸೋ ಕಾರ್ಡು: ಮನೆ ಗುಂಪಿನಲ್ಲಿ ಎದ್ದ ತಕರಾರು

ಗುಂಪು: ನಮ್ಮನೆ ತುಮಕೂರು

ಅತ್ತಿಗೆ (ಶಿರಾಗೇಟ್): [ಫಾರ್ವರ್ಡ್ ವಿಡಿಯೊ: "30 ದಿನದಲ್ಲಿ ನಿಮ್ಮ ಮಗು ಕನ್ನಡ ಓದುತ್ತೆ! ದಿನಕ್ಕೆ 5 ಫ್ಲ್ಯಾಶ್ ಕಾರ್ಡ್ ಸಾಕು"]
ಪುಟ್ಟಿಗೆ ನಾಲ್ಕೂವರೆ ಆಯ್ತು. ಈ ಸೆಟ್ ತರಿಸ್ಲಾ?

ದೊಡ್ಡಪ್ಪ (ಮಧುಗಿರಿ): ತರಿಸಮ್ಮ. ಇರೋದೇ 49 ಅಕ್ಷರ. ಅ ಆ ಇ ಈ ಅಂತ ಕ್ರಮವಾಗಿ ಹೇಳಿಕೊಡು, ಸ್ಲೇಟಲ್ಲಿ ತಿದ್ದಿಸು. ತಳಪಾಯ ಭದ್ರ ಆಗುತ್ತೆ.

ಅತ್ತೆ (ಕೋಲಾರ): ದುಡ್ಡು ದಂಡ ಕಣೇ, ಬೇಡ. ಅಣ್ಣಾ, ಅ ಆ ಇ ಈ ಉ ಐದೂ ಬಂದ್ಮೇಲೆ ಮಗು ಯಾವ ವಸ್ತುವಿನ ಹೆಸರು ಓದುತ್ತೆ ಹೇಳು? ಒಂದೂ ಇಲ್ಲ. ಸರ್ಕಾರಿ ಶಾಲೆ ನಲಿ-ಕಲೀಲಿ ರ ಗ ಸ ದ ಅ ಇಂದ ಶುರು ಮಾಡೋದು ಇದಕ್ಕೇ. ಐದೇ ಅಕ್ಷರಕ್ಕೆ ಸರ, ರಸ, ಅರಸ, ಅಗಸ, ದಸರ, ಗರಗಸ ಸಿಗುತ್ತೆ. ಮೊದಲನೇ ವಾರದಲ್ಲೇ "ನಾನು ಓದಿದೆ" ಅನ್ನೋ ಖುಷಿ ಮಗೂಗೆ ಬರುತ್ತೆ.

ದೊಡ್ಡಪ್ಪ (ಮಧುಗಿರಿ): ವರ್ಗದ ಕ್ರಮದಲ್ಲಿ ಕಲಿತರೆ ಕ ಖ ಗ ಘ ಉಚ್ಚಾರ ನಾಲಿಗೆ ಮೇಲೆ ಕೂರುತ್ತೆ. ಈಗಿನ ಮಕ್ಕಳಿಗೆ ಮಹಾಪ್ರಾಣಾನೇ ಇಲ್ಲ.

ಅತ್ತೆ (ಕೋಲಾರ): ಅದು ನಿಜ, ಬಾಯಲ್ಲಿ ಹೇಳಿಸೋಣ. ಆದರೆ ಬರೀ ಬಾಯಿಪಾಠ ಆದ ಮಕ್ಕಳಿಗೆ "ಟ" ತೋರಿಸಿದ್ರೆ ಕ ಖ ಇಂದ ಹೇಳ್ಕೊಂಡು ಟ ತನಕ ಬಂದು ನಿಲ್ತಾರೆ. ಅದು ಓದಲ್ಲ.

ಅತ್ತಿಗೆ (ಶಿರಾಗೇಟ್): ಮತ್ತೆ ಮನೇಲಿ ಏನು ಮಾಡ್ಲಿ ಅತ್ತೆ? ಸಂಜೆ ಅಡುಗೆ ಬಿಟ್ಟು ಕೂರೋಕೆ ಟೈಮ್ ಇರಲ್ಲ.

ಅತ್ತೆ (ಕೋಲಾರ): ಅಡುಗೆ ಮನೇಲೇ ಆಗುತ್ತೆ. ಮೊದಲು ಕಿವಿ ಪಳಗಬೇಕು. ರಾ-ಗಿ ಎರಡು ಚಪ್ಪಾಳೆ, ಅ-ವ-ರೆ ಮೂರು. "ರ ಶಬ್ದದಿಂದ ಶುರುವಾಗೋದು ಏನೇನಿದೆ ಹುಡುಕು" ಅನ್ನು. ರವೆ, ರಾಗಿ ತರಲಿ. ಇದಕ್ಕೆ ಅಕ್ಷರ ಗೊತ್ತಿರಬೇಕಿಲ್ಲ.

ಆಮೇಲೆ ನಾಲ್ಕೇ ನಾಲ್ಕು ಡಬ್ಬಿಗೆ ಚೀಟಿ, ಪುಟ್ಟಿ ಕಣ್ಣಿನ ಮಟ್ಟದಲ್ಲಿ. ಬಿಳಿ ಹಾಳೆ, ಕಪ್ಪು ಸ್ಕೆಚ್ ಪೆನ್, ಒಂದಿಂಚು ಎತ್ತರದ ಅಕ್ಷರ. ಎಲ್ಲರೂ ಎಡವೋದು ಇಲ್ಲೇ: ಚೀಟಿ ಅಂಟಿಸಿ ಹಾಗೇ ಬಿಡ್ತಾರೆ. ಮಗು ಡಬ್ಬಿ ಬಣ್ಣ, ಜಾಗ ನೋಡಿ ಹೆಸರು ಹೇಳುತ್ತೆ, ಅಕ್ಷರ ನೋಡೋದೇ ಇಲ್ಲ. ಎರಡು ಮೂರು ದಿನಕ್ಕೊಮ್ಮೆ ಚೀಟಿ ಕಿತ್ತು, ಕಲಸಿ, "ಯಾವುದು ಎಲ್ಲಿಗೆ, ನೀನೇ ಅಂಟಿಸು" ಅನ್ನಬೇಕು.

ಹಾಲಿನ ಪ್ಯಾಕೆಟ್ಟೂ ಹಂಗೇ. ಬಣ್ಣ ನೋಡಿ "ನಂದಿನಿ" ಅನ್ನುತ್ತೆ. ತೊಳೆದು ಒಣಗಿಸಿ ಬರೀ ಅಕ್ಷರದ ಪಟ್ಟಿ ಕತ್ತರಿಸಿ ಕೊಡು. ದಿ, ನಿ ಅಕ್ಕಪಕ್ಕ ಇಟ್ಟು "ಎರಡರಲ್ಲೂ ಒಂದೇ ಥರ ಇರೋದು ಯಾವುದು?" ಅಂತ ಕೇಳು. ಇಕಾರದ ಗುಡಿಸು ಬಂದಾಗ ತಲೆಕಟ್ಟು ಹೋಗುತ್ತಲ್ಲ, ಮಗೂಗೆ ಅದು ಹೊಸ ಅಕ್ಷರದ ಥರ ಕಾಣುತ್ತೆ. ಹಿಂಗೆ ಜೋಡಿಸಿ ನೋಡಿದ್ರೇನೇ ಗುಡಿಸು ಬೇರೆಯಾಗಿ ಕಣ್ಣಿಗೆ ಬೀಳೋದು.

ಭಾವ (ಪಾವಗಡ): ಬಸ್ ಬೋರ್ಡ್ ಸೇರಿಸಿ. ಪಾವಗಡದಲ್ಲಿ "ಪಾ"ದ ಒಂದು ಇಳಿ (ದೀರ್ಘದ ಗುರುತು) ಬಿಟ್ರೆ ಬೇರೇನೂ ಇಲ್ಲ, ಮೊದಲು ಅದು. ಆಮೇಲೆ ಶಿರಾ, ಮಧುಗಿರಿ, ಕೊರಟಗೆರೆ. ಗುಬ್ಬಿ, ಚಿಕ್ಕನಾಯಕನಹಳ್ಳಿ ಈಗಲೇ ಬೇಡ, ಒತ್ತು ಇದೆ.
ಇನ್ನೊಂದು, ನಮ್ಮ ಕಡೆ, ಮುಳಬಾಗಿಲು ಕಡೆ ಮನೇಲಿ ತೆಲುಗು ಆಡೋ ಮಕ್ಕಳಿಗೆ ಈ ಕಾರ್ಡ್ ಕೈ ಕೊಡುತ್ತೆ. "ಮ" ಪಕ್ಕ ಮರದ ಚಿತ್ರ ಇದ್ರೆ ಮಗು "ಚೆಟ್ಟು" ಅನ್ನುತ್ತೆ. ಶಬ್ದಕ್ಕೂ ಅಕ್ಷರಕ್ಕೂ ತಾಳೇನೇ ಆಗಲ್ಲ. ಎರಡೂ ಭಾಷೇಲಿರೋ ಅಕ್ಕ, ಬಂಡಿ ಥರದ ಮಾತು ಮೊದಲು ಆಡಿಸಬೇಕು.

ದೊಡ್ಡಪ್ಪ (ಮಧುಗಿರಿ): ಎಲ್ಲಾ ಸರಿ. ಬರೆಸದೆ ಅಕ್ಷರ ನಿಲ್ಲಲ್ಲ. ಕಾಗುಣಿತಕ್ಕೆ ಅಭ್ಯಾಸ ಬೇಕೇ ಬೇಕು. "ಹಾವು" ಕೊಟ್ರೆ "ಹಾಮ" ಅಂತ ಓದ್ತಾರೆ.

ಅತ್ತೆ (ಕೋಲಾರ): ಒಳ್ಳೇದು ತೆಗೆದೆ ಅಣ್ಣ. ವ, ಪ ಎರಡಕ್ಕೂ ಉಕಾರದ ಕೊಂಬು ಕೆಳಗಿಂದ ಬರುತ್ತೆ. ಬೇರೆ ಅಕ್ಷರದ ಹಾಗೆ ಬಲಕ್ಕೆ ಹಚ್ಚಿದ್ರೆ ವ ಹೋಗಿ ಮ ಆಗಿಬಿಡುತ್ತೆ. ಹತ್ತು ಸಲ ಕಾಪಿ ಬರೆಸಿದ್ರೆ ಇದು ಹೋಗಲ್ಲ. ವು, ಮ ಜೊತೇಲಿಟ್ಟು ಕೊಂಬು ಎಲ್ಲಿಂದ ಹೊರಟಿದೆ ಅಂತ ಬೆರಳಿಟ್ಟು ತೋರಿಸಬೇಕು.
ತಿದ್ದಿಸೋದಾದ್ರೆ ಅಂಚಿರೋ ಸ್ಟೀಲ್ ತಟ್ಟೇಲಿ ಒಂದು ಹಿಡಿ ರವೆ ಹರಡಿ ಬೆರಳಲ್ಲಿ ತಿದ್ದಿಸು. ತಳ ಕಾಣೋಷ್ಟು ತೆಳುವಾಗಿರಲಿ. ದಪ್ಪ ಆದ್ರೆ ಗೆರೆ ಮುಚ್ಚಿಹೋಗುತ್ತೆ. ರಾಗಿ ಬೇಡ, ಕಾಳು ಉರುಳುತ್ತೆ. ಬಳಪ ಬೆರಳು ಗಟ್ಟಿಯಾದ ಮೇಲೆ.

ದೊಡ್ಡಪ್ಪ (ಮಧುಗಿರಿ): ನಾಲ್ಕೂವರೆಗೆ ಬಳಪ ಹಿಡೀಬಹುದು. ಇದನ್ನ ಒಪ್ಪಲ್ಲ.

ಅತ್ತಿಗೆ (ಶಿರಾಗೇಟ್): ಅಕ್ಕಿ ಡಬ್ಬಿಗೆ ಚೀಟಿ ಹಾಕ್ಲೋ ಬೇಡ್ವೋ? ಒತ್ತು ಇದೆಯಲ್ಲ.

ಅತ್ತೆ (ಕೋಲಾರ): ಕೊನೇಲಿ ಹಾಕು. ಒತ್ತು ಶುರು ಮಾಡುವಾಗ ಅಕ್ಕ, ಹಗ್ಗ, ಹಬ್ಬ ಮೊದಲು. ಅಲ್ಲಿ ಅದೇ ಅಕ್ಷರ ತಲೆಕಟ್ಟಿಲ್ಲದೆ ಚಿಕ್ಕದಾಗಿ ಕೆಳಗೆ ಕೂರುತ್ತೆ, ಮಗು ಗುರುತು ಹಿಡಿಯುತ್ತೆ. ಅಮ್ಮ, ಅನ್ನ, ಅತ್ತೆ, ಬೆಲ್ಲ ಆಮೇಲೆ. ಮ ತ ನ ಲ ಒತ್ತಿನ ಆಕಾರ ಮೂಲ ಅಕ್ಷರದ ಥರ ಇರಲ್ಲ, ಒಂದೊಂದನ್ನೂ ಬೇರೆಯಾಗಿ ಕಲಿಸಬೇಕು.

ದೊಡ್ಡಪ್ಪ (ಮಧುಗಿರಿ): "ಅಮ್ಮ"ನಿಗಿಂತ "ಅಕ್ಕ" ಸುಲಭ ಅನ್ನೋದು ಒಪ್ಪಿದೆ. ಸ್ಲೇಟು ಮಾತ್ರ ನಾನು ಬಂದಾಗ ತರ್ತೀನಿ.

ಅತ್ತಿಗೆ (ಶಿರಾಗೇಟ್): ತನ್ನಿ ಮಾವ. ಕಾರ್ಡ್ ತರಿಸಲ್ಲ. ರವೆ, ರಾಗಿ, ಅವರೆ, ಕಡಲೆ, ಈ ನಾಲ್ಕಕ್ಕೆ ಇವತ್ತೇ ಚೀಟಿ ಬರೀತೀನಿ.