ಸಾಫ್ಟ್‌ನರ್ ನೀರಿನ ಅಪಾರ್ಟ್‌ಮೆಂಟಿನಲ್ಲಿ ಎರಡು ಅಡಿಯ ಗಿಡದ ಅಕ್ವೇರಿಯಂ: ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ: ಜಲಸಸ್ಯ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಬೆಂಗಳೂರಿನ ಹೊರವಲಯದ ಅಪಾರ್ಟ್‌ಮೆಂಟೊಂದರಲ್ಲಿದೆ. ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ಗಾಜಿನ ತೊಟ್ಟಿಯನ್ನು ಕೊಂಡು ತಂದಿದ್ದೇನೆ. ಇನ್ನೂ ನೀರು ತುಂಬಿಸಿಲ್ಲ. ಪ್ಲಾಸ್ಟಿಕ್ ಗಿಡಗಳಾಗಲಿ ಬಣ್ಣದ ಕಲ್ಲುಗಳಾಗಲಿ ಬೇಡ, ಜೀವಂತ ಗಿಡಗಳೇ ತುಂಬಿರಬೇಕು, ಅವುಗಳ ನಡುವೆ ಒಂದಿಷ್ಟು ಸಣ್ಣ ಮೀನುಗಳು ಓಡಾಡಬೇಕು ಎಂಬುದು ನನ್ನ ಆಸೆ. ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಜೋಡಿಸುವ ಉದ್ದೇಶ ಸದ್ಯಕ್ಕಿಲ್ಲ.

ನಮ್ಮಲ್ಲಿಗೆ ಕಾವೇರಿ ನೀರು ಬರುವುದಿಲ್ಲ. ಬೋರ್‌ವೆಲ್ ನೀರೂ ಟ್ಯಾಂಕರ್ ನೀರೂ ಒಂದೇ ಸಂಪಿನಲ್ಲಿ ಸೇರಿ, ಸಾಫ್ಟ್‌ನರ್ ಘಟಕವನ್ನು ಹಾದು ಮನೆಗಳಿಗೆ ಬರುತ್ತವೆ. ನಲ್ಲಿಯ ನೀರಿಗೆ ಟಿಡಿಎಸ್ (ಕರಗಿರುವ ಲವಣಗಳ ಪ್ರಮಾಣ) ಮೀಟರ್ 700ರ ಆಸುಪಾಸು ತೋರಿಸುತ್ತದೆ. ಅಡುಗೆಮನೆಯ ಆರ್‌ಓ ನೀರಿಗೆ 40 ತೋರಿಸುತ್ತದೆ. ಬ್ಯಾಕ್ಟೀರಿಯಾ ದ್ರಾವಣ ಹಾಕಿದರೆ ಅದೇ ದಿನ ನಿಯಾನ್ ಟೆಟ್ರಾ ಬಿಡಬಹುದೆಂದು ಅಂಗಡಿಯವರು ಹೇಳಿದರು, ಆದರೆ ನನಗೆ ಧೈರ್ಯ ಸಾಲುತ್ತಿಲ್ಲ. ಯಾವ ನೀರನ್ನು ಬಳಸಬೇಕು, ತಳಕ್ಕೆ ಏನು ಹಾಕಬೇಕು, ಮೊದಲಿಗೆ ಯಾವ ಗಿಡಗಳನ್ನು ನೆಡಬೇಕು, ಮೀನುಗಳನ್ನು ಯಾವಾಗ ತರಬೇಕು ಎಂಬುದನ್ನು ಅನುಭವಿಗಳು ದಯವಿಟ್ಟು ತಿಳಿಸಿಕೊಡಿ.

ಉತ್ತರ: ಪಾಚಿಹಸಿರು

ತೊಟ್ಟಿ ಇನ್ನೂ ಖಾಲಿಯಿರುವಾಗಲೇ ಕೇಳಿದ್ದು ತುಂಬ ಒಳ್ಳೆಯದಾಯಿತು. ಉಳಿದೆಲ್ಲವನ್ನೂ ಆಮೇಲೆ ಸರಿಪಡಿಸಿಕೊಳ್ಳಬಹುದು. ನೀರಿನ ವಿಷಯವನ್ನು ಮಾತ್ರ ಮೊದಲೇ ಇತ್ಯರ್ಥ ಮಾಡಿಕೊಳ್ಳಬೇಕು, ಏಕೆಂದರೆ ಯಾವ ಗಿಡ, ಯಾವ ಮೀನು ಎಂಬುದನ್ನು ನಿರ್ಧರಿಸುವುದು ನಿಮ್ಮ ನಲ್ಲಿಯ ನೀರೇ.

ಸಾಫ್ಟ್‌ನರ್ ಘಟಕವು ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂಗಳನ್ನು ಹಿಡಿದಿಟ್ಟುಕೊಂಡು ಅವುಗಳ ಜಾಗಕ್ಕೆ ಸೋಡಿಯಂ ಬಿಡುತ್ತದೆ. ಅದರಿಂದ ಬಕೆಟ್ಟಿಗೆ ಬಿಳಿ ಕಲೆ ಹಿಡಿಯುವುದು ತಪ್ಪುತ್ತದೆ, ಸೋಪು ಚೆನ್ನಾಗಿ ನೊರೆಯಾಗುತ್ತದೆ. ಆದರೆ ನೀರಿನಲ್ಲಿ ಕರಗಿರುವ ಲವಣಗಳ ಒಟ್ಟು ಪ್ರಮಾಣ ಕಡಿಮೆಯಾಗುವುದಿಲ್ಲ. ಹಾಗಾಗಿಯೇ ನಿಮ್ಮ ಮೀಟರ್ ಈಗಲೂ 700 ತೋರಿಸುತ್ತಿದೆ. ಗಿಡಗಳಿಗೆ ಇದು ಎರಡು ರೀತಿಯ ನಷ್ಟ: ಬೇಕಾದ ಕ್ಯಾಲ್ಸಿಯಂ ಸಿಗುವುದಿಲ್ಲ, ಬೇಡದ ಸೋಡಿಯಂ ತುಂಬಿಕೊಂಡಿರುತ್ತದೆ. ಇಂಥ ನೀರಿನಲ್ಲಿ ಹಳೆಯ ಎಲೆಗಳು ಚೆನ್ನಾಗಿಯೇ ಕಾಣುತ್ತಿರುವಾಗ ತುದಿಯ ಚಿಗುರು ಮಾತ್ರ ಚಿಕ್ಕದಾಗಿ, ಮುದುಡಿ, ಸೊಟ್ಟಗೆ ಬರುತ್ತದೆ, ಬಸವನಹುಳುಗಳ ಚಿಪ್ಪು ಸವೆದು ಬಿಳಿಚಿಕೊಳ್ಳುತ್ತದೆ. ಕಾರಣ ತಿಳಿಯದವರು ಗೊಬ್ಬರದ ಮೇಲೆ ಗೊಬ್ಬರ ಸುರಿಯುತ್ತಾರೆ, ಕೊನೆಗೆ ಪಾಚಿಯೊಂದೇ ಬೆಳೆಯುತ್ತದೆ.

ಆದ್ದರಿಂದ ಸಾಫ್ಟ್‌ನರ್‌ಗೆ ಮೊದಲೇ ಕವಲೊಡೆಯುವ ನಲ್ಲಿ ಎಲ್ಲಿದೆ ಎಂದು ನಿಮ್ಮ ನಿರ್ವಹಣಾ ಸಿಬ್ಬಂದಿಯನ್ನು ಕೇಳಿ. ಬಹಳ ಕಡೆ ಕೈತೋಟಕ್ಕೆ ಬಿಡುವ ನೀರು ಹಾಗೆ ನೇರವಾಗಿ ಬರುತ್ತದೆ. ಆ ನೀರನ್ನೂ ಆರ್‌ಓ ನೀರನ್ನೂ ಸಮಪ್ರಮಾಣದಲ್ಲಿ ಬೆರೆಸಿದರೆ ಟಿಡಿಎಸ್ 370ರ ಹತ್ತಿರ ನಿಲ್ಲುತ್ತದೆ, ಕ್ಯಾಲ್ಸಿಯಂ ಕೂಡ ಉಳಿದಿರುತ್ತದೆ. ಆರ್‌ಓ ನೀರನ್ನು ಮಾತ್ರ ತುಂಬಿಸಬೇಡಿ. ಅದರಲ್ಲಿ ಖನಿಜಾಂಶ ತೀರಾ ಕಡಿಮೆ, ಪಿಎಚ್ (ನೀರಿನ ಆಮ್ಲ-ಕ್ಷಾರ ಗುಣದ ಅಳತೆ) ಕೂಡ ಅದರಲ್ಲಿ ಸ್ಥಿರವಾಗಿ ನಿಲ್ಲುವುದಿಲ್ಲ. ಆರ್‌ಓ ಯಂತ್ರ ಹೊರಗೆ ಬಿಡುವ ತ್ಯಾಜ್ಯ ನೀರಂತೂ ಬೇಡವೇ ಬೇಡ. ಟಿಡಿಎಸ್ ಮೀಟರ್‌ಗೆ ಕ್ಯಾಲ್ಸಿಯಂ ಯಾವುದು, ಸೋಡಿಯಂ ಯಾವುದು ಎಂಬ ಭೇದ ತಿಳಿಯದು. ಆದ್ದರಿಂದ ಗಡಸುತನ ಅಳೆಯುವ, ಹನಿ ಹಾಕಿ ಬಣ್ಣ ನೋಡುವ ಜಿಎಚ್ (ಕ್ಯಾಲ್ಸಿಯಂ, ಮೆಗ್ನೀಸಿಯಂಗಳ ಗಡಸುತನ) ಮತ್ತು ಕೆಎಚ್ (ಪಿಎಚ್ ಸ್ಥಿರವಾಗಿಡುವ ಕಾರ್ಬೊನೇಟ್ ಗಡಸುತನ) ಕಿಟ್ಟುಗಳನ್ನು ಕೊಳ್ಳಿ.

ಇನ್ನೆರಡು ಮಾತುಗಳಿವೆ. ನೀರು ಆವಿಯಾಗಿ ತೊಟ್ಟಿಯ ಮಟ್ಟ ಇಳಿದಾಗ ಲವಣಗಳು ಅಲ್ಲೇ ಉಳಿಯುವುದರಿಂದ, ಆ ಕೊರತೆಯನ್ನು ಆರ್‌ಓ ನೀರಿನಿಂದಲೇ ತುಂಬಬೇಕು; ವಾರಕ್ಕೊಮ್ಮೆ ಕಾಲು ಭಾಗ ನೀರನ್ನು ಬದಲಿಸುವಾಗ ಮಾತ್ರ ಮಿಶ್ರಣವನ್ನು ಬಳಸಿ. ಟ್ಯಾಂಕರ್ ನೀರಿಗೆ ಕ್ಲೋರಿನ್ ಹಾಕಿರುವ ಸಾಧ್ಯತೆಯಿದೆ, ಹಾಗಾಗಿ ನೀರನ್ನು ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ದಿನ ತೆರೆದಿಡಿ, ಇಲ್ಲವೇ ಕ್ಲೋರಿನ್ ನಿವಾರಕದ ಹನಿ ಹಾಕಿ.

ಉತ್ತರ: ಕಲ್ಲುಮಣ್ಣು

ನೀರಿನ ಬಗ್ಗೆ ಮೇಲಿನವರು ಹೇಳಿದ್ದೆಲ್ಲಕ್ಕೂ ನನ್ನ ಸಹಮತವಿದೆ. ತಳ ಮತ್ತು ಗಿಡಗಳ ಬಗ್ಗೆ ನಾನು ಬರೆಯುತ್ತೇನೆ.

ನಿಮ್ಮ ತೊಟ್ಟಿಯಲ್ಲಿ ಸುಮಾರು 56 ಲೀಟರ್ ನೀರು ಹಿಡಿಯುತ್ತದೆ. ಮರಳು, ಕಲ್ಲು, ಗಾಜು ಎಲ್ಲವೂ ಸೇರಿದರೆ ತೂಕ 75 ಕಿಲೋ ಮೀರಬಹುದು, ಆದ್ದರಿಂದ ಗಟ್ಟಿಯಾದ ಸಮತಟ್ಟು ಮೇಜಿನ ಮೇಲೆ ಥರ್ಮೋಕೋಲ್ ಹಾಳೆ ಹಾಸಿ ಇಡಿ. ಕಿಟಕಿಯ ನೇರ ಬಿಸಿಲು ಬೇಡ.

ತಳಕ್ಕೆ ಚೆನ್ನಾಗಿ ತೊಳೆದ, ಒಂದೆರಡು ಮಿಲಿಮೀಟರ್ ಗಾತ್ರದ ಹೊಳೆಮರಳು ಸಾಕು. ಗೊಬ್ಬರ ಬೆರೆಸದ ಕೆಂಪು ಮಣ್ಣನ್ನು ಜರಡಿ ಹಿಡಿದು ಒಂದು ಅಂಗುಲ ಹಾಸಿ, ಅದರ ಮೇಲೆ ಒಂದೂವರೆ ಅಂಗುಲ ಮರಳು ಮುಚ್ಚಿದರೆ ಬೇರುಗಳಿಗೆ ಬಹುಕಾಲ ಪೋಷಣೆ ಸಿಗುತ್ತದೆ. ಅಲಂಕಾರಕ್ಕೆ ತಂದ ಕಲ್ಲಿನ ಮೇಲೆ ಒಂದೆರಡು ಹನಿ ವಿನೆಗರ್ ಹಾಕಿ ನೋಡಿ. ಗುಳ್ಳೆ ಎದ್ದರೆ ಅದು ಸುಣ್ಣದ ಅಂಶವಿರುವ ಕಲ್ಲು, ಮೊದಲೇ ಗಡಸಾಗಿರುವ ನಿಮ್ಮ ನೀರಿಗೆ ಅದು ಬೇಡ. ಅಮೃತಶಿಲೆಯ ಚೂರು, ಕಪ್ಪೆಚಿಪ್ಪುಗಳಿಗೂ ಇದೇ ಮಾತು.

ಆರಂಭದ ದಿನವೇ ಧಾರಾಳವಾಗಿ ಗಿಡ ನೆಡಿ. ಇದು ನಾನು ಎಲ್ಲ ಹೊಸಬರಿಗೂ ಒತ್ತಿ ಹೇಳುವ ಮಾತು. ನಾಲ್ಕು ಗಿಡ ನೆಟ್ಟು ಬೆಳೆಯಲೆಂದು ಕಾದರೆ ಆ ಅವಧಿಯಲ್ಲಿ ಬೆಳಕನ್ನೂ ಪೋಷಕಾಂಶವನ್ನೂ ಪಾಚಿ ಬಳಸಿಕೊಳ್ಳುತ್ತದೆ. ವ್ಯಾಲಿಸ್ನೇರಿಯಾ, ಹೈಡ್ರಿಲ್ಲಾ, ಹಾರ್ನ್‌ವರ್ಟ್ ಮೂರೂ ನಮ್ಮ ಕೆರೆಗಳಲ್ಲೇ ಬೆಳೆಯುವ ಗಿಡಗಳು, ಗಡಸು ನೀರಿಗೆ ಹೆದರುವುದಿಲ್ಲ, ಬೇಗ ಹಬ್ಬುತ್ತವೆ. ಆದರೂ ಕೆರೆಯಿಂದ ನೇರವಾಗಿ ಕಿತ್ತು ತರಬೇಡಿ. ಜಿಗಣೆಯೂ, ಮರಿಮೀನುಗಳನ್ನು ತಿನ್ನುವ ಏರೋಪ್ಲೇನ್ ಚಿಟ್ಟೆಯ ಮರಿಗಳೂ ಜೊತೆಗೆ ಬರುತ್ತವೆ.

ಮುಂಭಾಗಕ್ಕೆ ಕ್ರಿಪ್ಟೊಕೊರೈನ್ ವೆಂಡ್ಟಿಯೈ, ಕಲ್ಲಿನ ಮೇಲೆ ಅನೂಬಿಯಸ್ ಮತ್ತು ಜಾವಾ ಫರ್ನ್ ಇಡಬಹುದು. ಅನೂಬಿಯಸ್ ಕೈಗೆ ಬಂದಾಗ ಹತ್ತಿರದಿಂದ ನೋಡಿ: ಪೆನ್ಸಿಲ್ ದಪ್ಪದ, ಅಡ್ಡಲಾಗಿ ಹರಿಯುವ ಹಸಿರು ಕಾಂಡವಿರುತ್ತದೆ, ಎಲೆಗಳು ಅದರ ಮೇಲ್ಭಾಗದಿಂದಲೂ ಬೇರುಗಳು ಕೆಳಭಾಗದಿಂದಲೂ ಹೊರಟಿರುತ್ತವೆ. ಆ ಕಾಂಡವನ್ನು ಮರಳಿನಲ್ಲಿ ಹೂತರೆ ಅದು ಮೆತ್ತಗಾಗಿ ಕೊಳೆಯುತ್ತದೆ. ಹತ್ತಿಯ ದಾರದಿಂದ ಕಲ್ಲಿಗೆ ಕಟ್ಟಿಬಿಟ್ಟರೆ ಬೇರುಗಳು ತಾವೇ ಕಲ್ಲನ್ನು ಹಿಡಿದುಕೊಳ್ಳುತ್ತವೆ. ಕ್ರಿಪ್ಟೊಕೊರೈನ್ ನೆಟ್ಟ ಮೇಲೆ ಅದರ ಎಲೆಗಳೆಲ್ಲ ಕರಗಿಹೋದರೂ ಕಿತ್ತೆಸೆಯಬೇಡಿ. ನರ್ಸರಿಗಳಲ್ಲಿ ಅದನ್ನು ಬಹುಮಟ್ಟಿಗೆ ನೀರಿನ ಮೇಲೆ ಬೆಳೆಸಿರುತ್ತಾರೆ, ನೀರೊಳಗಿನ ಬದುಕಿಗೆ ಹೊಸ ಎಲೆಗಳೇ ಬೇಕು, ಬೇರು ಗಟ್ಟಿಯಾಗಿದ್ದರೆ ಕೆಲವು ವಾರಗಳಲ್ಲಿ ಅವು ಬರುತ್ತವೆ.

ಎಲ್‌ಇಡಿ ದೀಪಕ್ಕೆ ಟೈಮರ್ ಹಾಕಿ, ಮೊದಲ ತಿಂಗಳು ದಿನಕ್ಕೆ ಆರು ಗಂಟೆ ಮಾತ್ರ ಉರಿಸಿ. ಈ ಅವಧಿಯಲ್ಲಿ ಗಾಜಿನ ಮೇಲೆ ಕಂದು ಬಣ್ಣದ ಪುಡಿಯಂಥ ಪಾಚಿ ಕಾಣಿಸಿಕೊಳ್ಳುವುದು ಸಹಜ, ಒರೆಸಿದರೆ ಹೋಗುತ್ತದೆ.

ಉತ್ತರ: ತುಂಗೆಯ ದಡ

ಮೀನಿನ ವಿಷಯದಲ್ಲಿ ದಯವಿಟ್ಟು ಅವಸರ ಮಾಡಬೇಡಿ. ಮೀನಿನ ಮಲ ಮತ್ತು ಉಳಿದ ಆಹಾರದಿಂದ ಅಮೋನಿಯಾ ಹುಟ್ಟುತ್ತದೆ. ಒಂದು ಗುಂಪಿನ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಆಗಿಯೂ, ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಮೊದಲ ಎರಡೂ ಮೀನಿಗೆ ವಿಷ. ಮೂರನೆಯದು ಸಾಧಾರಣ ಪ್ರಮಾಣದಲ್ಲಿ ನಿರಪಾಯಕಾರಿ, ಗಿಡಗಳಿಗೆ ಆಹಾರವೂ ಹೌದು. ಈ ಬ್ಯಾಕ್ಟೀರಿಯಾಗಳು ಫಿಲ್ಟರಿನ ಸ್ಪಂಜಿನಲ್ಲೂ ಮರಳಿನಲ್ಲೂ ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಅಂಗಡಿಯ ದ್ರಾವಣ ಈ ಕಾಲವನ್ನು ಸ್ವಲ್ಪ ಕಡಿಮೆ ಮಾಡಬಹುದೇ ಹೊರತು ಇಲ್ಲವಾಗಿಸಲಾರದು.

ಬೋರ್‌ವೆಲ್‌ನ ಗಡಸು ನೀರಿನ ಪಿಎಚ್ ಸಾಮಾನ್ಯವಾಗಿ ಹೆಚ್ಚಿರುವುದರಿಂದ, ಅದನ್ನು ಬಳಸುವವರು ಇದನ್ನು ಇನ್ನೂ ಗಂಭೀರವಾಗಿ ಪರಿಗಣಿಸಬೇಕು. 25 ಡಿಗ್ರಿ ತಾಪಮಾನದಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ವಿಷಕಾರಿ ರೂಪದಲ್ಲಿರುವುದು ಶೇಕಡ ಒಂದಕ್ಕಿಂತ ಕಡಿಮೆ. ಪಿಎಚ್ 8 ಆದರೆ ಅದು ಶೇಕಡ ಐದನ್ನು ಮೀರುತ್ತದೆ. ಅಂದರೆ ಮೃದು ನೀರಿನ ತೊಟ್ಟಿಯಲ್ಲಿ ಮೀನು ಹೇಗೋ ತಾಳಿಕೊಳ್ಳುವ ಅಮೋನಿಯಾವೇ ನಿಮ್ಮ ತೊಟ್ಟಿಯಲ್ಲಿ ಅದರ ಕಿವಿರುಗಳನ್ನು ಸುಡುತ್ತದೆ.

ಮೀನಿಲ್ಲದ ತೊಟ್ಟಿಗೆ ದಿನವೂ ಒಂದು ಚಿಟಿಕೆ ಮೀನಿನ ಆಹಾರ ಹಾಕುತ್ತಾ ಬನ್ನಿ, ಅದು ಕೊಳೆತು ಬ್ಯಾಕ್ಟೀರಿಯಾಗಳಿಗೆ ಬೇಕಾದ ಅಮೋನಿಯಾ ಕೊಡುತ್ತದೆ. ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಏರಿ ಇಳಿದು, ಸತತವಾಗಿ ಒಂದು ವಾರ ಸೊನ್ನೆಯಲ್ಲಿ ನಿಂತ ಮೇಲೆ ಮೊದಲ ಕೆಲವು ಮೀನುಗಳನ್ನು ತನ್ನಿ. ಕಲ್ಲುಮಣ್ಣು ಅವರು ಹೇಳಿದ ಕೆಂಪು ಮಣ್ಣಿನ ಪದರದ ಬಗ್ಗೆ ನನಗೆ ಭಿನ್ನಾಭಿಪ್ರಾಯವಿದೆ: ಗಿಡ ಬದಲಿಸಲು ಕಿತ್ತಾಗಲೆಲ್ಲ ಮಣ್ಣು ಮೇಲೆದ್ದು ನೀರು ರಾಡಿಯಾಗುತ್ತದೆ, ಹೊಸಬರು ಗಿಡ ಬದಲಿಸುವುದೇ ಹೆಚ್ಚು. ಬರಿಯ ಮರಳು ಹಾಕಿ, ಬೇರಿನ ಬುಡದಲ್ಲಿ ಗೊಬ್ಬರದ ಮಾತ್ರೆ ಹುದುಗಿಸುವುದು ಮೊದಲ ತೊಟ್ಟಿಗೆ ಹೆಚ್ಚು ಸೂಕ್ತ.

ನಿಯಾನ್ ಟೆಟ್ರಾ ಅಮೆಜಾನ್ ಪ್ರದೇಶದ ಮೃದು ನೀರಿನ ಮೀನು, ಅದನ್ನು ಸದ್ಯಕ್ಕೆ ಕೈಬಿಡಿ. ಗಪ್ಪಿ, ಪ್ಲಾಟಿಗಳಿಗೆ ಗಡಸು ನೀರೇ ಇಷ್ಟ. ಗಂಡು ಗಪ್ಪಿಗಳನ್ನಷ್ಟೇ ಸಾಕಿದರೆ ಮರಿಗಳು ತೊಟ್ಟಿ ತುಂಬಿಕೊಳ್ಳುವ ಚಿಂತೆಯಿರುವುದಿಲ್ಲ. ನನ್ನ ಮೊದಲ ಆಯ್ಕೆ ನಮ್ಮ ದೇಶದ್ದೇ ಆದ ಜೀಬ್ರಾ ಡ್ಯಾನಿಯೋ, ಎಂಟರ ಗುಂಪು. ಅವು ಜಿಗಿಯುತ್ತವೆ, ಮುಚ್ಚಳ ಇರಲೇಬೇಕು. ಅಂಗಡಿಯಲ್ಲಿ ಮಿಸ್ ಕೇರಳ ಎಂಬ ಕೆಂಪು ಗೆರೆಯ ಮೀನಿನ ಮರಿಗಳನ್ನು ತೋರಿಸಿದರೆ ಒಪ್ಪಬೇಡಿ. ಪಶ್ಚಿಮ ಘಟ್ಟದ ತೊರೆಗಳ ಆ ಮೀನು ಅಳಿವಿನಂಚಿನಲ್ಲಿದೆ, ಬೆಳೆದರೆ ಸುಮಾರು 15 ಸೆಂಟಿಮೀಟರ್ ಆಗುತ್ತದೆ, ಎರಡು ಅಡಿ ಅದಕ್ಕೆ ಸೆರೆಮನೆ.

ಪ್ರತಿಕ್ರಿಯೆ: ಜಲಸಸ್ಯ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಕೈತೋಟದ ನಲ್ಲಿ ಸಾಫ್ಟ್‌ನರ್‌ಗೆ ಮೊದಲೇ ಕವಲೊಡೆಯುತ್ತದೆಂದು ಸಿಬ್ಬಂದಿ ಖಚಿತಪಡಿಸಿದ್ದಾರೆ, ಅದೇ ನೀರನ್ನು ಆರ್‌ಓ ಜೊತೆ ಬೆರೆಸುತ್ತೇನೆ. ತಳಕ್ಕೆ ಬರಿಯ ಮರಳು, ಮೀನು ಡ್ಯಾನಿಯೋ ಎಂದು ನಿರ್ಧರಿಸಿದ್ದೇನೆ. ಇನ್ನೊಂದೇ ಸಂದೇಹ: ನಮ್ಮ ಮನೆಯ ಸಾಕೆಟ್ಟುಗಳಿಗೆ ಜನರೇಟರ್ ಸಂಪರ್ಕವಿಲ್ಲ. ಒಂದೆರಡು ಗಂಟೆ ವಿದ್ಯುತ್ ಹೋದರೆ ತೊಂದರೆಯಾಗುತ್ತದೆಯೇ?

ಉತ್ತರ: ಪಾಚಿಹಸಿರು

ಕಡಿಮೆ ಮೀನುಗಳಿರುವ ತೊಟ್ಟಿಗೆ ಒಂದೆರಡು ಗಂಟೆಯಲ್ಲಿ ಏನೂ ಆಗುವುದಿಲ್ಲ. ಹಗಲಿನಲ್ಲಿ ಗಿಡಗಳು ಆಮ್ಲಜನಕ ಬಿಡುತ್ತವೆ. ಕತ್ತಲಲ್ಲಿ ಅವೂ ಮೀನಿನ ಹಾಗೆಯೇ ಆಮ್ಲಜನಕವನ್ನು ಬಳಸುತ್ತವೆ, ಆದ್ದರಿಂದ ರಾತ್ರಿಯ ದೀರ್ಘ ಕಡಿತಕ್ಕೆ ಮಾತ್ರ ಎಚ್ಚರ ಬೇಕು. ಏರ್ ಪಂಪಿನಿಂದ ನಡೆಯುವ ಸ್ಪಂಜ್ ಫಿಲ್ಟರನ್ನೇ ಆಯ್ಕೆ ಮಾಡಿಕೊಳ್ಳಿ, ಬ್ಯಾಟರಿಯಿಂದ ನಡೆಯುವ ಸಣ್ಣ ಏರ್ ಪಂಪೊಂದನ್ನು ಪಕ್ಕದಲ್ಲಿಟ್ಟುಕೊಳ್ಳಿ. ಆ ಸ್ಪಂಜನ್ನು ನಲ್ಲಿಯ ಕೆಳಗೆ ತೊಳೆಯಬೇಡಿ, ನೀರು ಬದಲಿಸುವ ದಿನ ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ. ಕತ್ತರಿಸಿದ ಗಿಡಗಳನ್ನಾಗಲಿ ಬೇಡವಾದ ಮೀನುಗಳನ್ನಾಗಲಿ ಯಾವ ಕೆರೆಗೂ ರಾಜಕಾಲುವೆಗೂ ಬಿಡಬೇಡಿ; ಅಕ್ವೇರಿಯಂಗಳಿಂದ ಹೊರಬಿದ್ದ ಸಕರ್ ಮೀನು ಈಗ ದೇಶದ ಹಲವೆಡೆ ಕೆರೆ, ನದಿಗಳಲ್ಲಿ ಸಂತತಿ ಬೆಳೆಸಿದೆ. ಮೊದಲ ವಾರದ ಜಿಎಚ್, ಕೆಎಚ್ ಅಂಕಿಗಳು ಸಿಕ್ಕ ಕೂಡಲೇ ಇಲ್ಲಿ ಬರೆಯಿರಿ, ಮಿಶ್ರಣದ ಪ್ರಮಾಣ ಬದಲಿಸಬೇಕೇ ಎಂದು ನೋಡಿ ಹೇಳುತ್ತೇನೆ.