‘ಪಕ್ಷಪಾತ’ವೇ, ‘ಪಕ್ಷಭೇದ’ವೇ? ಮೆಡಿಕೇಡ್ ಕುರಿತ ಬರಹದಲ್ಲಿ ಎದುರಾದ ಕೆಲವು ಪದಗಳು

ಮಾನ್ಯ ಸದಸ್ಯರಿಗೆ ನಮಸ್ಕಾರಗಳು.

ಅಮೆರಿಕದ ನಾರ್ತ್ ಕೆರೊಲಿನಾದಲ್ಲಿರುವ ನಮ್ಮ ಕನ್ನಡ ಬಳಗದ ಸ್ಮರಣ ಸಂಚಿಕೆಗಾಗಿ ಇಲ್ಲಿನ ಮೆಡಿಕೇಡ್ ಯೋಜನೆಯ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಬಡವರ ಚಿಕಿತ್ಸೆಯ ವೆಚ್ಚವನ್ನು ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಹಂಚಿಕೊಂಡು ಭರಿಸುವ ಈ ಯೋಜನೆಗೆ ಕಾನೂನಾದದ್ದು 1965ರಲ್ಲಿ. ನನ್ನ ಕರಡಿನ ಒಂದು ವಾಕ್ಯ ಹೀಗಿತ್ತು: ‘ನಮ್ಮ ರಾಜ್ಯದಲ್ಲಿ ಮೆಡಿಕೇಡ್ ವಿಸ್ತರಣೆಯು ಹತ್ತು ವರ್ಷಗಳ ಕಾಲ ಪಕ್ಷಪಾತದ ರಾಜಕೀಯಕ್ಕೆ ಸಿಲುಕಿ, ಕೊನೆಗೆ 2023ರ ಮಾರ್ಚ್ 27ರಂದು ರಾಜ್ಯಪಾಲರ ಅಂಕಿತ ಪಡೆಯಿತು.’ ಇದನ್ನು ಮೈಸೂರಿನಲ್ಲಿರುವ ನನ್ನ ಸೋದರತ್ತೆಗೆ ದೂರವಾಣಿಯಲ್ಲಿ ಓದಿ ಹೇಳಿದೆ. ಅವರು ನಿವೃತ್ತ ಕನ್ನಡ ಅಧ್ಯಾಪಕಿ. ‘ಅಲ್ಲಪ್ಪಾ, ಆ ಯೋಜನೆಯ ಅವಧಿ ಮುಗಿದುಹೋಗಿತ್ತೇ? ಯಾರು ಯಾರಿಗೆ ಪಕ್ಷಪಾತ ಮಾಡಿದರು? ಶಾಸನಸಭೆ ಒಪ್ಪಿದ ಮೇಲೆ ರಾಜ್ಯಪಾಲರು ಸಹಿ ಹಾಕುವುದನ್ನು ಏಕೆ ಇಷ್ಟು ದೊಡ್ಡದು ಮಾಡಿದ್ದೀಯ?’ ಎಂದು ಕೇಳಿದರು. ವಾಕ್ಯದಲ್ಲಿದ್ದ ಮೂರು ಮುಖ್ಯ ಪದಗಳೂ ಅವರಿಗೆ ಬೇರೆಯದೇ ಅರ್ಥ ಕೊಟ್ಟಿದ್ದವು. ತಪ್ಪು ಅವರ ಗ್ರಹಿಕೆಯದ್ದಲ್ಲ, ನನ್ನ ಪದಗಳದ್ದು ಎಂದು ಮನವರಿಕೆಯಾದ ಮೇಲೆ ಈ ಪತ್ರ ಬರೆಯುತ್ತಿದ್ದೇನೆ.

‘ರಾಜ್ಯಪಾಲ’ ಪದವನ್ನು ಕೈಬಿಡುವುದು ಸುಲಭವಾಯಿತು. ಭಾರತದಲ್ಲಿ ರಾಜ್ಯಪಾಲರು ನೇಮಕಗೊಂಡವರು. ಇಲ್ಲಿನ ಗವರ್ನರ್ ಜನರಿಂದ ನೇರವಾಗಿ ಆಯ್ಕೆಯಾಗಿ ಆಡಳಿತ ನಡೆಸುವವರು, ಕೆಲಸದ ದೃಷ್ಟಿಯಿಂದ ನಮ್ಮ ಮುಖ್ಯಮಂತ್ರಿಗೆ ಹೆಚ್ಚು ಹತ್ತಿರ. ಅಂದು ಸಹಿ ಹಾಕಿದ ರಾಯ್ ಕೂಪರ್ 2017ರಲ್ಲಿ ಅಧಿಕಾರಕ್ಕೆ ಬಂದ ಮೊದಲ ವಾರದಿಂದಲೇ ಈ ಬೇಡಿಕೆಯ ಬೆನ್ನು ಹತ್ತಿದ್ದವರು. 2019ರಲ್ಲಿ ಇದೇ ಜಗಳದ ನಡುವೆ ರಾಜ್ಯದ ಬಜೆಟ್ಟನ್ನೇ ತಿರಸ್ಕರಿಸಿದ್ದವರು. ಅಂಥವರನ್ನು ‘ರಾಜ್ಯಪಾಲರು’ ಎಂದರೆ ಇಡೀ ಹೋರಾಟ ಒಂದು ಔಪಚಾರಿಕ ಅಂಕಿತವಾಗಿ ಕುಗ್ಗುತ್ತದೆ. ‘ಗವರ್ನರ್’ ಎಂದೇ ಉಳಿಸಿಕೊಂಡಿದ್ದೇನೆ.

‘ವಿಸ್ತರಣೆ’ಯ ತೊಡಕು ಇನ್ನಷ್ಟು ಸೂಕ್ಷ್ಮವಾದದ್ದು. ಕನ್ನಡ ಪತ್ರಿಕೆಗಳಲ್ಲಿ ನಾವು ಸಂಪುಟ ವಿಸ್ತರಣೆ ಎನ್ನುತ್ತೇವೆ, ಅರ್ಜಿ ಸಲ್ಲಿಸುವ ಅವಧಿ ವಿಸ್ತರಣೆ ಎಂದೂ ಎನ್ನುತ್ತೇವೆ. ಗಾತ್ರ ಹಿಗ್ಗುವುದಕ್ಕೂ ಗಡುವು ಮುಂದಕ್ಕೆ ಹೋಗುವುದಕ್ಕೂ ಒಂದೇ ಪದ. ಯೋಜನೆಯ ಹೆಸರಿನ ಜೊತೆಗೆ ಬಂದಾಗ ಓದುಗರ ಮನಸ್ಸು ಎರಡನೆಯ ಅರ್ಥದ ಕಡೆಗೇ ವಾಲುತ್ತದೆ. ಇಲ್ಲಿ ನಿಜವಾಗಿ ಹಿಗ್ಗಿದ್ದು ಅರ್ಹತೆಯ ಮಿತಿ. ಮೊದಲು ಮಕ್ಕಳಿಲ್ಲದ, ಅಂಗವೈಕಲ್ಯವಿಲ್ಲದ ವಯಸ್ಕರಿಗೆ, ಅವರು ಎಷ್ಟೇ ಬಡವರಾಗಿದ್ದರೂ, ಈ ರಾಜ್ಯದ ಮೆಡಿಕೇಡ್‌ನಲ್ಲಿ ಪ್ರವೇಶವಿರಲಿಲ್ಲ. 2023ರ ಡಿಸೆಂಬರ್ 1ರಿಂದ 19ರಿಂದ 64 ವರ್ಷದೊಳಗಿನ ವಯಸ್ಕರಲ್ಲಿ ಬಡತನ ರೇಖೆಯ ಶೇ 138ರವರೆಗೆ ಆದಾಯವಿರುವವರು ಅರ್ಹರಾದರು. ಆ ವರ್ಷದ ಲೆಕ್ಕದಲ್ಲಿ ಒಂಟಿ ವ್ಯಕ್ತಿಗೆ ಅದು ವರ್ಷಕ್ಕೆ ಸುಮಾರು 20,120 ಡಾಲರ್. ಸುಮಾರು 6 ಲಕ್ಷ ಜನರಿಗೆ ಇದರಿಂದ ಬಾಗಿಲು ತೆರೆಯುತ್ತದೆಂಬುದು ಸರ್ಕಾರದ ಅಂದಾಜಾಗಿತ್ತು. ಹೀಗಾಗಿ ‘ಮೆಡಿಕೇಡ್ ಅರ್ಹತೆಯ ವಿಸ್ತರಣೆ’ ಎಂದು ಬರೆದಿದ್ದೇನೆ. ವಿದ್ಯಾರ್ಥಿವೇತನದ ಅರ್ಜಿ ತುಂಬಿಸಿದ ಪ್ರತಿಯೊಬ್ಬ ಕನ್ನಡಿಗರಿಗೂ ಗೊತ್ತಿರುವ ‘ಆದಾಯ ಮಿತಿ’ಯನ್ನು ಬಳಸಿ ‘ಆದಾಯ ಮಿತಿಯ ಏರಿಕೆ’ ಎನ್ನಬಹುದಿತ್ತು. ಆದರೆ ಮೊದಲು ಯಾವ ಮಿತಿಯ ಒಳಗೂ ಇರದಿದ್ದವರು ಸೇರಿಕೊಂಡದ್ದು ಆ ಮಾತಿನಲ್ಲಿ ಕಾಣುವುದಿಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ‘ಪಕ್ಷಪಾತ’. ತಮ್ಮ ಪಕ್ಷದ ನಿಲುವಿಗೇ ಅಂಟಿಕೊಳ್ಳುವ ಎಂಬರ್ಥದ ಇಂಗ್ಲಿಷಿನ ‘ಪಾರ್ಟಿಸನ್’ ಎಂಬುದಕ್ಕೆ ನನ್ನ ಕೈ ತಾನಾಗಿ ಬರೆದದ್ದು ಇದನ್ನೇ, ಎರಡರಲ್ಲೂ ಪಕ್ಷ ಇದೆಯಲ್ಲ ಎಂಬ ಭ್ರಮೆಯಿಂದ. ಆದರೆ ಕನ್ನಡದಲ್ಲಿ ಪಕ್ಷಪಾತ ಮಾಡುವುದು ತಾಯಿ ಮಕ್ಕಳ ನಡುವೆ, ಮೇಷ್ಟ್ರು ವಿದ್ಯಾರ್ಥಿಗಳ ನಡುವೆ, ಅಧಿಕಾರಿ ಅರ್ಜಿದಾರರ ನಡುವೆ. ಸಮನಾಗಿ ಕಾಣಬೇಕಾದವರು ಒಬ್ಬರ ಕಡೆಗೆ ವಾಲುವ ಅನ್ಯಾಯ ಅದು. ಓದುಗರು ಈ ಪದ ಕಂಡಕೂಡಲೇ ‘ರಿಪಬ್ಲಿಕನ್ನರಿಗೆ ಕಾರ್ಡ್ ಕೊಟ್ಟು ಡೆಮಾಕ್ರಟರಿಗೆ ಕೊಡಲಿಲ್ಲವೇನೋ’ ಎಂದುಕೊಳ್ಳುತ್ತಾರೆ. ಇಲ್ಲಿ ಅಂಥದ್ದೇನೂ ನಡೆಯಲಿಲ್ಲ. 2010ರ ಆರೋಗ್ಯ ಕಾನೂನು ಎಲ್ಲ ರಾಜ್ಯಗಳೂ ಅರ್ಹತೆಯನ್ನು ಹಿಗ್ಗಿಸಬೇಕೆಂದು ವಿಧಿಸಿತ್ತು. 2012ರಲ್ಲಿ ಸುಪ್ರೀಂ ಕೋರ್ಟು ಅದನ್ನು ರಾಜ್ಯಗಳ ಇಚ್ಛೆಗೆ ಬಿಟ್ಟಿತು. ಕೂಡಲೇ ಈ ಪ್ರಶ್ನೆಯಲ್ಲಿ ಪಕ್ಷಗಳ ನಡುವೆ ಗೆರೆ ಬಿತ್ತು: ಡೆಮಾಕ್ರಟರು ಹೆಚ್ಚಾಗಿ ಪರ, ರಿಪಬ್ಲಿಕನ್ನರು ಹೆಚ್ಚಾಗಿ ವಿರೋಧ. ಮೊದಲ ಮೂರು ವರ್ಷ ಹೊಸದಾಗಿ ಸೇರುವವರ ಪೂರ್ಣ ವೆಚ್ಚವನ್ನೂ 2020ರಿಂದ ಶೇ 90ನ್ನೂ ಕೇಂದ್ರವೇ ಕೊಡುವುದಾಗಿದ್ದರೂ, ರಿಪಬ್ಲಿಕನ್ ಬಹುಮತದ ನಮ್ಮ ಶಾಸನಸಭೆ 2013ರಲ್ಲಿ ತನ್ನ ಒಪ್ಪಿಗೆಯಿಲ್ಲದೆ ವಿಸ್ತರಣೆ ಮಾಡಕೂಡದೆಂದು ಕಾನೂನನ್ನೇ ಮಾಡಿತು.

ಇದಕ್ಕೆ ಪದವನ್ನು ಹುಡುಕುವಾಗ ಒಂದು ಸಂಗತಿ ಗಮನಕ್ಕೆ ಬಂತು. ಇದರ ವಿರುದ್ಧ ಭಾವಕ್ಕೆ ಕನ್ನಡದಲ್ಲಿ ಸೊಗಸಾದ, ಬಳಕೆಯಲ್ಲಿ ನೆಲೆನಿಂತ ಮಾತುಗಳಿವೆ: ‘ಪಕ್ಷಾತೀತವಾಗಿ’, ‘ಪಕ್ಷಭೇದ ಮರೆತು’. ವಿಧಾನಸೌಧದ ಯಾವ ವರದಿಯಲ್ಲಾದರೂ ಇವು ಸಿಗುತ್ತವೆ. ಪಕ್ಷಭೇದವನ್ನು ಮರೆಯಲು ಸಾಧ್ಯವಿದ್ದರೆ, ಅದನ್ನು ಮರೆಯದೆ ಇರುವ ಸ್ಥಿತಿಗೂ ಅದೇ ಪದ ಸಲ್ಲಬೇಕಲ್ಲವೇ? ಆದ್ದರಿಂದ ‘ಪಕ್ಷಭೇದದ ರಾಜಕಾರಣ’ ಎಂದು ತಿದ್ದಿದ್ದೇನೆ. ‘ಪಕ್ಷರಾಜಕಾರಣ’ವೂ ಇದೆ, ಆದರೆ ಅದು ಟಿಕೆಟ್ ಹಂಚಿಕೆ, ಒಳಜಗಳಗಳನ್ನೂ ಒಳಗೊಳ್ಳುವಷ್ಟು ಅಗಲವಾದದ್ದು. ‘ಪಕ್ಷನಿಷ್ಠೆ’ ಎಂದರೆ ಹೊಗಳಿಕೆಯ ಧ್ವನಿ ಬಂದುಬಿಡುತ್ತದೆ.

‘ಪಕ್ಷಭೇದ’ಕ್ಕೆ ನಾನು ಒಲಿದದ್ದಕ್ಕೆ ಇನ್ನೊಂದು ಕಾರಣವಿದೆ. ಅದು ಭೇದವನ್ನಷ್ಟೇ ಹೇಳುತ್ತದೆ, ಅದು ಅಳಿಯದೆ ಉಳಿಯುವಂಥದ್ದೆಂದು ಹೇಳುವುದಿಲ್ಲ. ಭಾರತದಲ್ಲಿ 1985ರ ಪಕ್ಷಾಂತರ ನಿಷೇಧ ತಿದ್ದುಪಡಿಯ ನಂತರ ವಿಪ್ (ಹೀಗೇ ಮತ ಹಾಕಬೇಕೆಂಬ ಪಕ್ಷದ ಆದೇಶ) ಉಲ್ಲಂಘಿಸಿದ ಶಾಸಕರು ಸ್ಥಾನ ಕಳೆದುಕೊಳ್ಳಬಹುದು. ಇಲ್ಲಿ ಅಂಥ ಕಾನೂನಿಲ್ಲ. ಒಹಾಯೊದಲ್ಲಿ ರಿಪಬ್ಲಿಕನ್ ಗವರ್ನರ್ ಜಾನ್ ಕೇಸಿಕ್ 2013ರಲ್ಲೇ ತಮ್ಮ ಪಕ್ಷದ ಶಾಸಕರ ವಿರೋಧದ ನಡುವೆಯೂ ವಿಸ್ತರಣೆಗೆ ದಾರಿ ಮಾಡಿದರು. ನಮ್ಮ ರಾಜ್ಯದ ಸೆನೆಟ್ ನಾಯಕ ಫಿಲ್ ಬರ್ಗರ್ ವರ್ಷಗಟ್ಟಲೆ ವಿರೋಧಿಸಿ 2022ರಲ್ಲಿ ನಿಲುವು ಬದಲಿಸಿದರು. ರಾಜ್ಯದ ಪಾಲಿನ ಶೇ 10ನ್ನು ಆಸ್ಪತ್ರೆಗಳ ಮೇಲಿನ ತೆರಿಗೆಯಿಂದ ತುಂಬಿಸುವ ಏರ್ಪಾಟು ಆ ಬದಲಾವಣೆಗೆ ನೆರವಾಯಿತು. ಮತದಾರರ ನಡುವೆ ಈ ಗೆರೆ ಇನ್ನೂ ತೆಳು. ಸೌತ್ ಡಕೋಟಾದ ಜನ 2022ರ ನವೆಂಬರಿನಲ್ಲಿ ಒಂದೇ ದಿನ ರಿಪಬ್ಲಿಕನ್ ಗವರ್ನರನ್ನು ಮರಳಿ ಆರಿಸಿದರು, ಮೆಡಿಕೇಡ್ ವಿಸ್ತರಣೆಯನ್ನೂ ಗೆಲ್ಲಿಸಿದರು. ಇಡಾಹೊ, ಯೂಟಾ, ನೆಬ್ರಾಸ್ಕಾ, ಮಿಸ್ಸೂರಿ, ಓಕ್ಲಹೋಮಗಳಲ್ಲಿಯೂ ಜನರೇ ಮತ ಹಾಕಿ ಇದನ್ನು ತಂದರು. ನಾರ್ತ್ ಕೆರೊಲಿನಾದಲ್ಲಿ ಜನರೇ ಪ್ರಸ್ತಾವ ತಂದು ಮತಕ್ಕೆ ಹಾಕಿಸುವ ಅವಕಾಶವಿಲ್ಲದ್ದರಿಂದ ಶಾಸಕರ ಮನಸ್ಸು ಬದಲಾಗುವವರೆಗೆ ಕಾಯಬೇಕಾಯಿತು. ಹೀಗಿರುವಾಗ ‘ಪಕ್ಷಭೇದ’ವನ್ನು ಶಾಸನಸಭೆಗೆ ಸೇರಿಸಿ ಹೇಳಬೇಕೇ ಹೊರತು ಇಡೀ ರಾಜ್ಯದ ಜನರ ಮೇಲೆ ಹೊರಿಸಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಈಗ ನನಗೆ ನಿಜವಾಗಿ ನಿಮ್ಮ ನೆರವು ಬೇಕಾಗಿರುವ ಪದಕ್ಕೆ ಬರುತ್ತೇನೆ. 2010ರ ಕಾನೂನು ಬಡತನ ರೇಖೆಗಿಂತ ಮೇಲಿನವರಿಗೆ ಖಾಸಗಿ ವಿಮೆ ಕೊಳ್ಳಲು ಸಹಾಯಧನ ಕೊಟ್ಟಿತು. ಕೆಳಗಿನವರನ್ನು ಮೆಡಿಕೇಡ್ ನೋಡಿಕೊಳ್ಳುತ್ತದೆಂದು ಭಾವಿಸಿ ಅವರಿಗೆ ಆ ಸಹಾಯಧನ ಇಡಲಿಲ್ಲ. ರಾಜ್ಯ ಮೆಡಿಕೇಡನ್ನು ಹಿಗ್ಗಿಸದೆ ಇದ್ದಾಗ ಇವರಿಗೆ ಅದೂ ಇಲ್ಲ, ಇದೂ ಇಲ್ಲ. 2022ರಲ್ಲಿ ಇದೇ ಊರಿನಲ್ಲಿ ವರ್ಷಕ್ಕೆ 14,000 ಡಾಲರ್ ಗಳಿಸುವ ಒಂಟಿ ಕೆಲಸಗಾರರಿಗೆ ವಿಮೆ ಹೆಚ್ಚುಕಡಿಮೆ ಉಚಿತವಾಗಿ ಸಿಗುತ್ತಿತ್ತು. 12,000 ಗಳಿಸುವವರಿಗೆ, ಅವರು ಬಡತನ ರೇಖೆಗಿಂತ ಕೆಳಗಿದ್ದರು ಎಂಬ ಕಾರಣಕ್ಕೇ, ಏನೂ ಸಿಗುತ್ತಿರಲಿಲ್ಲ. ಟೆಕ್ಸಾಸ್, ಫ್ಲೋರಿಡಾಗಳಂಥ ರಾಜ್ಯಗಳಲ್ಲಿ ಲಕ್ಷಾಂತರ ಜನ ಈಗಲೂ ಈ ಸ್ಥಿತಿಯಲ್ಲಿದ್ದಾರೆ. ಇದಕ್ಕೆ ಇಂಗ್ಲಿಷಿನಲ್ಲಿ ‘ಕವರೇಜ್ ಗ್ಯಾಪ್’ ಎನ್ನುತ್ತಾರೆ.

‘ವಿಮಾ ಅಂತರ’ ಎಂದರೆ ಎರಡು ಊರುಗಳ ನಡುವಿನ ದೂರದಂತೆ ಕೇಳಿಸುತ್ತದೆ, ಅಲ್ಲಿ ಮನುಷ್ಯರಿದ್ದಾರೆಂದು ಅನಿಸುವುದೇ ಇಲ್ಲ. ಕಾಲುವೆಯ ಕೊನೆಯ ಭಾಗಕ್ಕೆ ನೀರು ತಲುಪಿಲ್ಲ ಎಂಬ ನಮ್ಮ ರೈತರ ಮಾತು ಮೊದಲು ನೆನಪಾಯಿತು, ಆದರೆ ಇಲ್ಲಿ ಒಣಗಿರುವುದು ಕೊನೆಯ ಗದ್ದೆಯಲ್ಲ, ಎರಡು ಕಡೆಯಿಂದ ನೀರು ಬಂದೂ ನಡುವೆ ಉಳಿದ ತಾಕು. ‘ಸಂದು’ ಅಥವಾ ‘ಸಂದಿ’ ನನಗೆ ಹಿಡಿಸಿದೆ. ‘ಸಂದಿಗೆ ಬಿದ್ದವರು’ ಎಂದರೆ ಬಿದ್ದವರ ಪಾಡು ತಟ್ಟನೆ ಕಣ್ಣಿಗೆ ಕಟ್ಟುತ್ತದೆ. ಆದರೆ ಇದು ಆರೋಗ್ಯದ ಲೇಖನ. ‘ಸಂದುನೋವು’ ಎಂಬ ಬಳಕೆಯಿಂದಾಗಿ ಹಿರಿಯ ಓದುಗರು ಮೊಣಕಾಲಿನ ವಿಷಯವೆಂದುಕೊಂಡಾರು ಎಂಬ ಅಳುಕಿದೆ. ‘ವಿಮೆಯ ಸಂದು’ ಎಂದು ಜೊತೆ ಮಾಡಿ ಬರೆದರೆ ಆ ಗೊಂದಲ ತಪ್ಪುತ್ತದೆಯೇ? ಅಥವಾ ನಿಮ್ಮ ಸೀಮೆಯಲ್ಲಿ, ಎರಡು ಕಡೆಯ ಆಸರೆಯೂ ಸಿಗದೆ ನಡುವೆ ಉಳಿದವರನ್ನು ಕುರಿತು ಹೇಳುವ ಬೇರೆ ಮಾತು ಬಳಕೆಯಲ್ಲಿದೆಯೇ? ಇದ್ದರೆ ದಯವಿಟ್ಟು ಒಂದು ಬಳಕೆಯ ವಾಕ್ಯದೊಂದಿಗೆ ತಿಳಿಸಿ.