ಜೋನಿಬೆಲ್ಲ ಕುಡಿದರೆ ಹೊಟ್ಟೆಯ ಒಳಪದರ ಸರಿಯಾಗುತ್ತಾ?

ತೋಟದಮನೆ, ಶಿರಸಿ:
ಆಯಿಗೆ 68 ವರ್ಷ. ಅಡಿಕೆ ಸುಲಿಯಲು ಕೂತು ಕೂತು ಮಂಡಿನೋವು. ಮೂರು ತಿಂಗಳು ದಿನಾ ನೋವಿನ ಮಾತ್ರೆ ನುಂಗಿದ್ದಾಳೆ, ನಮಗೆ ಹೇಳಿರಲಿಲ್ಲ. ಹೋದ ವಾರ ಎಂಡೋಸ್ಕೋಪಿ ಆಯಿತು. ಒಳಪದರ ಅಲ್ಲಲ್ಲಿ ಸುಲಿದಿದೆಯಂತೆ. ಡಾಕ್ಟರು ಆ ಮಾತ್ರೆ ನಿಲ್ಲಿಸಿ, ಆಸಿಡ್ ಕಡಿಮೆ ಮಾಡುವ ಔಷಧಿ ಕೊಟ್ಟಿದ್ದಾರೆ. ಸಕ್ಕರೆಗೆ ಅಂಟುವ ಲೆಕ್ಟಿನ್ ಎಂಬ ಪ್ರೋಟೀನ್ ಹೊಟ್ಟೆ ಕಾಯುತ್ತದೆ ಎಂದು ಓದಿದೆ. ವಾಟ್ಸಾಪ್‌ನಲ್ಲಿ ನೋಡಿದರೆ ಲೆಕ್ಟಿನ್ ವಿಷ, ಕಾಳು ತಿನ್ನಬೇಡಿ ಅಂತಾರೆ. ಯಾವುದು ನಿಜ? ಆಯಿಗೆ ಜೋನಿಬೆಲ್ಲದ ನೀರು ಕೊಡಲಾ?

ಕುಮಟಾ ಮಾಸ್ತರು:
ಎರಡೂ ಲೆಕ್ಟಿನ್ನೇ, ಆದರೆ ಬೇರೆ ಬೇರೆ. ಹಸಿ ರಾಜ್ಮಾದಲ್ಲಿರುವುದು ಹೊಟ್ಟೆ ಕೆಡಿಸುತ್ತದೆ ನಿಜ. ಚೆನ್ನಾಗಿ ಕುದಿಸಿದರೆ ಅದು ಕೆಲಸ ಕಳೆದುಕೊಳ್ಳುತ್ತದೆ. ಕಾಳು ಬಿಡಬೇಕಿಲ್ಲ.

ನೀವು ಓದಿದ್ದು ನಮ್ಮ ದೇಹವೇ ಮಾಡುವಂಥದ್ದು. ತಲೆ ತೊಳೆಯಲು ಮತ್ತಿಸೊಪ್ಪು ಕಿವುಚುತ್ತೀರಲ್ಲ, ಹಾಗೇ ಜಠರದ ಗೋಡೆಗೂ ಒಂದು ಲೋಳೆ ಇದೆ. ಉದ್ದುದ್ದ ಪ್ರೋಟೀನ್ ಎಳೆಗಳು, ಅವುಗಳ ಮೈತುಂಬ ಸಕ್ಕರೆಯ ಸರಗಳು. ಆ ಸರಗಳೇ ನೀರು ಹಿಡಿದಿಡುತ್ತವೆ. ನಮ್ಮ ದೇಹದ ಆ ಲೆಕ್ಟಿನ್, ಟಿಎಫ್‌ಎಫ್2 ಎಂಬ ಪುಟ್ಟ ಪ್ರೋಟೀನ್‌ಗೆ ಸಕ್ಕರೆ ಹಿಡಿಯಲು ಎರಡು ಜಾಗ. ಒಂದರಿಂದ ಈ ಎಳೆ, ಇನ್ನೊಂದರಿಂದ ಆ ಎಳೆ ಹಿಡಿದು ಲೋಳೆಯನ್ನು ಬಿಗಿ ಮಾಡುತ್ತದೆ. ಲೋಳೆಯೊಳಗೆ ಆಸಿಡ್ ತಣಿಸುವ ಬೈಕಾರ್ಬನೇಟ್ ನಿಂತಿರುತ್ತದೆ. ಹಾಗಾಗಿ ಹೊಟ್ಟೆಯ ನಡುವೆ ಪಿಎಚ್ 2ರ ಹತ್ತಿರ, ಅಂದರೆ ಕಡು ಆಸಿಡ್ ಇದ್ದರೂ ಗೋಡೆಯ ಬಳಿ 7ರ ಹತ್ತಿರ, ಹೆಚ್ಚುಕಡಿಮೆ ನೀರಿನಂತೆ. ನನಗೆ ಇದು ಪ್ರತಿ ಸಲವೂ ಸೋಜಿಗವೇ.

ಎಷ್ಟೋ ನೋವಿನ ಮಾತ್ರೆಗಳು ಪ್ರೋಸ್ಟಗ್ಲಾಂಡಿನ್ ತಡೆಯುತ್ತವೆ; ಲೋಳೆ, ಬೈಕಾರ್ಬನೇಟ್ ಸುರಿಸಲು ಹೊಟ್ಟೆಗೆ ಹೇಳುವ ರಾಸಾಯನಿಕ ಅದು. ಆಗ ಲೋಳೆಯೂ ಬೈಕಾರ್ಬನೇಟೂ ಕಡಿಮೆ. ಆಯಿಗೆ ಆಗಿದ್ದು ಬಹುಶಃ ಇದೇ.

ಬೆಲ್ಲ ಮಾತ್ರ ಅಲ್ಲಿಗೆ ಹೋಗಿ ಕೂರುವುದಿಲ್ಲ. ಆ ಸರಗಳನ್ನು ಜೀವಕೋಶಗಳು ಒಳಗೇ ಕಟ್ಟುತ್ತವೆ. ರುಚಿಗೆ ಕುಡಿಯಲಿ, ಶುಗರ್ ಇಲ್ಲದಿದ್ದರೆ.

ಕಡಲತೀರ, ಕಾರವಾರ:
ಎಚ್ ಪೈಲೋರಿ ಪರೀಕ್ಷೆ ಮಾಡಿದ್ದಾರಾ? ನಮ್ಮ ಅಪ್ಪನಿಗೆ ಅದೇ ಇತ್ತು. ಮಲ ಕಪ್ಪಾದರೆ ಅವತ್ತೇ ಆಸ್ಪತ್ರೆಗೆ ಹೋಗಿ, ನಾವು ಎರಡು ದಿನ ಸುಮ್ನೆ ಕಾದು ಕಷ್ಟಪಟ್ಟೆವು.

ಕುಮಟಾ ಮಾಸ್ತರು:
ಒಳ್ಳೆಯ ಮಾತು. ಆ ಬ್ಯಾಕ್ಟೀರಿಯಾವೂ ಸಕ್ಕರೆಯನ್ನೇ ಹಿಡಿದು ಅಂಟುತ್ತದೆ! ಅದಕ್ಕೂ ಒಂದು ಲೆಕ್ಟಿನ್ ಇದೆ, ಹೆಸರು ಬಾಬ್‌ಎ. ಅಲ್ಸರ್‌ಗೆ ಈ ಬ್ಯಾಕ್ಟೀರಿಯಾ ಕಾರಣ ಎಂದು ತೋರಿಸಿದ ಮಾರ್ಷಲ್, ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ಬಂತು.

ತೋಟದಮನೆ, ಶಿರಸಿ:
ಬಯಾಪ್ಸಿಗೆ ಕಳಿಸಿದ್ದಾರೆ, ಸೋಮವಾರ ವರದಿ. ಮಾತ್ರೆ ಡಬ್ಬಿ ನಾನೇ ತೆಗೆದಿಟ್ಟಿದ್ದೇನೆ. ಮಂಡಿಗೆ ಬೇರೆ ಏನು ಮಾಡಬಹುದು ಎಂದು ಡಾಕ್ಟರನ್ನು ಅವತ್ತೇ ಕೇಳುತ್ತೇನೆ.